ಇಲಿ ಓಡಿದ ಸೀಸನ್

ರಗ್ಬಿ ಸೆವೆನ್ಸ್ ಅಂದರೆ ಏನು ಎಂದು ಕೇಳಿದವರಿಗೆಲ್ಲ ಅತ್ತಿಗೆ ಒಂದೇ ಉತ್ತರ ಕೊಡುತ್ತಿದ್ದರು: "ಏಳು ಜನ ಓಡ್ತಾರೆ, ಇನ್ನೇಳು ಜನ ಅಟ್ಟಿಸ್ಕೊಂಡು ಹೋಗ್ತಾರೆ, ಚೆಂಡು ಮೊಟ್ಟೆ ಥರ ಇರುತ್ತೆ. ಇದಕ್ಕಿಂತ ಹೆಚ್ಚು ನಂಗೂ ಗೊತ್ತಿಲ್ಲಪ್ಪ."

ಗೊತ್ತಿಲ್ಲವಂತೆ. ತಂಡದ ಡಾಕ್ಟರು ಆಡುವ ಮಾತೇ ಇದು? ಅವರು ಹೇಳದೆ ಬಿಟ್ಟದ್ದನ್ನು ನಾನೇ ಹೇಳಿಬಿಡುತ್ತೇನೆ. ಚೆಂಡನ್ನು ಎದೆಗವಚಿಕೊಂಡು ಓಡಿ, ಎದುರಾಳಿಗಳ ಗೆರೆ ದಾಟಿ ನೆಲಕ್ಕೆ ಒತ್ತಿದರೆ ಅದು ಟ್ರೈ. ಏಳು ನಿಮಿಷ ಆಟ, ಒಂಚೂರು ವಿರಾಮ, ಮತ್ತೆ ಏಳು ನಿಮಿಷ. ಒಲೆಯ ಮೇಲಿಟ್ಟ ನೀರು ಕುದಿದು ಆರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸೀಟು ಹುಡುಕಿಕೊಂಡು ಕೂರುವುದರೊಳಗೆ ಅರ್ಧ ಪಂದ್ಯ ಹೋಗಿರುತ್ತದೆ; ಆಮೇಲೆ ಜನ ಏನಾಯ್ತು ಏನಾಯ್ತು ಎಂದು ಪಕ್ಕದವರ ಪ್ರಾಣ ಹಿಂಡುತ್ತಾರೆ. ಸೀಸನ್ ಅಂದರೆ ಇಂಥ ಕೂಟಗಳ ಸಾಲು. ದೇಶದಿಂದ ದೇಶಕ್ಕೆ ಹೋಗಿ ಆಡಬೇಕು, ಹೋದ ಕಡೆಯೆಲ್ಲ ಅಂಕ ಕೂಡಿಸಿಕೊಳ್ಳಬೇಕು. ಕೊನೆಗೆ ತಳದಲ್ಲಿ ಉಳಿದ ತಂಡಕ್ಕೆ ಮುಂದಿನ ವರ್ಷ ಈ ಕೂಟಗಳಲ್ಲಿ ಜಾಗವಿಲ್ಲ.

ಆ ವರ್ಷ ಹೆಂಗಸರ ತಂಡಕ್ಕೆ ಹೊಸದಾಗಿ ಬಂದವಳು ಇಲಿ. ಹೆತ್ತವರು ಇಟ್ಟ ಹೆಸರು ಬೇರೆ. ಎಷ್ಟು ಸಣ್ಣ ಸಂದು ಸಿಕ್ಕರೂ ನುಸುಳಿ ಆಚೆ ಹೋಗಿಬಿಡುತ್ತಾಳೆಂದು ತಂಡದವರು ಹಾಗೆ ಕರೆದರು. ನೋಡನೋಡುತ್ತ ಮನೆಯಲ್ಲಿ ಅವಳ ಅಣ್ಣನೂ ಹಾಗೇ ಕರೆಯತೊಡಗಿದ. ಅವಳು ಪಾರ್ಸಲ್ ಕಂಪನಿಯ ಗೋದಾಮಿನಲ್ಲಿ, ಕಬ್ಬಿಣದ ಕಪಾಟುಗಳ ಸಾಲಿನ ನಡುವೆ ಪೆಟ್ಟಿಗೆಗಳನ್ನು ಹೊತ್ತುಕೊಂಡು ಓಡಾಡುತ್ತಲೇ ಪ್ರಾಯದ ಒಳ್ಳೆಯ ಪಾಲನ್ನು ಕಳೆದಿದ್ದಳು. ಉಳಿದವರು ಬೂಟು ಕಳಚಿಡುವ ವಯಸ್ಸಿನಲ್ಲಿ ಇವಳಿಗೆ ತಂಡದಲ್ಲಿ ಜಾಗ ಸಿಕ್ಕಿತು.

"ಒಂದೇ ಒಂದು ಸೀಸನ್ ಸಾಕು ಅತ್ತಿಗೆ," ಎಂದಿದ್ದಳು ಆವತ್ತು. "ಅದನ್ನ ನೆನೆಸ್ಕೊಂಡೇ ಮುದುಕಿ ಆಗೋವರೆಗೂ ಪೆಟ್ಟಿಗೆ ಎತ್ತುತ್ತೀನಿ."

ಅತ್ತಿಗೆ ಅಂದರೆ ಇಲಿಯ ಅಣ್ಣನ ಹೆಂಡತಿ. ಅವರು ಈ ಮನೆಗೆ ಬಂದಾಗ ಇಲಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಹೆತ್ತವರಿಲ್ಲದ ಹುಡುಗಿಗೆ ಊಟ ಹಾಕಿ, ಪಾಠ ಹೇಳಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೆಳೆಸಿದವರು. ತಂಡದ ಡಾಕ್ಟರಾಗಿ ಅವರಿದ್ದುದು ಇಲಿ ಬರುವುದಕ್ಕೆ ಬಹಳ ಮೊದಲೇ. ನಾದಿನಿ ಎಂದು ಮುಲಾಜು ನೋಡುವ ಪೈಕಿಯಲ್ಲ; ಒಂದು ಕೈ ಹೆಚ್ಚೇ ಬೈಯುತ್ತಿದ್ದರು.

ಈ ಆಟದಲ್ಲಿ ಒಂದು ಪದ್ಧತಿಯಿದೆ. ಸೀಸನ್ ಶುರುವಾಗುವ ಮೊದಲು ಪ್ರತಿ ಆಟಗಾರ್ತಿಯ ತಲೆ ಹೇಗೆ ಕೆಲಸ ಮಾಡುತ್ತದೆಂದು ಅಳೆದಿಡುತ್ತಾರೆ. ಡಾಕ್ಟರು ಒಂದಷ್ಟು ಪದ ಹೇಳುತ್ತಾರೆ, ಅವನ್ನು ನೆನಪಿನಿಂದ ತಿರುಗಿ ಒಪ್ಪಿಸಬೇಕು. ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಬೇಕು. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಬೇಕು. ಮುಂದೆ ಮೈದಾನದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಮೊದಲ ದಿನಕ್ಕಿಂತ ಕೆಳಗಿಳಿದರೆ ಆಟ ಬಂದ್, ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ.

ಪರೀಕ್ಷೆಯ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ತಂಡದ ನಾಯಕಿ, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವಳು, ಇಲಿಯ ಪಕ್ಕ ಬಂದು ಕೂತಳು. ಮೂಗು ಎಷ್ಟು ಸಲ ಮುರಿದಿತ್ತೋ, ಅದು ಯಾವ ಕಡೆಗೆ ಹೊರಟಿದೆಯೆಂದು ಹೇಳುವುದೇ ಕಷ್ಟವಾಗಿತ್ತು.

"ಇವತ್ತು ಜಾಣತನ ತೋರಿಸ್ಬೇಡ ಕಣೇ," ಎಂದಳು ಬೂಟಿನ ದಾರ ಬಿಗಿಯುತ್ತ. "ಪೆದ್ದಿ ಥರ ಆಡು. ಪದ ಮರೀ, ತಿಂಗಳು ತಪ್ಪು ಹೇಳು. ಇವತ್ತು ಕಮ್ಮಿ ಬಂದ್ರೆ ಆಮೇಲೆ ಪೆಟ್ಟು ಬಿದ್ರೂ ಪಾಸು. ನಾನು ಪ್ರತಿ ವರ್ಷ ಮಾಡೋದು ಇದೇ. ಏನಾಗಿದೆ ನಂಗೆ, ಗುಂಡುಕಲ್ಲಿನ ಹಾಗಿದೀನಿ."

ಇಲಿ ಒಳಗೆ ಹೋದಳು. ಅತ್ತಿಗೆ ನಿಧಾನವಾಗಿ ಓದಿದರು: ಕಂಬಳಿ, ಕಿಟಕಿ, ನಿಂಬೆ, ಮೊಳೆ, ಚಂದ್ರ, ಹೀಗೆ ಇನ್ನೂ ಒಂದಷ್ಟು. ಎಲ್ಲವೂ ಇಲಿಯ ನಾಲಿಗೆಯ ತುದಿಯಲ್ಲೇ ಇದ್ದವು. ಅವಳು ಕಂಬಳಿ ಎಂದಳು, ಮೊಳೆ ಎಂದಳು, ಆಮೇಲೆ ಸೂರು ನೋಡಿದಳು. ತಿಂಗಳುಗಳಲ್ಲಿ ಸೆಪ್ಟೆಂಬರನ್ನು ಎರಡು ಸಲ ಹೇಳಿ ಆಗಸ್ಟನ್ನು ನುಂಗಿದಳು. ಒಂಟಿ ಕಾಲಲ್ಲಿ ನಿಂತವಳು ಬೇಕೆಂದೇ ವಾಲಿ ಮೇಜು ಹಿಡಿದಳು.

"ಇಷ್ಟೇನಾ?" ಎಂದರು ಅತ್ತಿಗೆ, ಕನ್ನಡಕದ ಮೇಲಿನಿಂದ ನೋಡುತ್ತ. "ಬೆಪ್ಪುತಕ್ಕಡಿ. ಪಾರ್ಸಲ್ಲು ಸರಿಯಾದ ವಿಳಾಸಕ್ಕೆ ಹೋಗ್ತಿತ್ತೋ ಇಲ್ವೋ ಆ ದೇವರಿಗೇ ಗೊತ್ತು."

ಇಬ್ಬರೂ ನಕ್ಕರು. ನೀರು ಕುಡಿದಷ್ಟು ಸುಲಭವಾಗಿ ಕೆಲಸ ಮುಗಿದಿತ್ತು. ಇಂಥ ಜಾಣತನಕ್ಕೆ ಏನನ್ನಬೇಕೋ ನೀವೇ ಹೇಳಿ. ಮನೆಗೆ ಬೀಗ ಹಾಕಿ ಕೀಲಿಯನ್ನು ಕಳ್ಳನ ಕೈಗೇ ಕೊಟ್ಟು ಬರುವುದು ಇನ್ನು ಹೇಗಿರುತ್ತದೆ?

ಸೀಸನ್ ಹೊರಟಿತು. ಹೋಟೆಲುಗಳೆಲ್ಲ ಒಂದೇ ಥರ. ಅದೇ ಬಿಳಿ ಹಾಸಿಗೆ, ಅದೇ ಗಾಜಿನ ಕಿಟಕಿ, ಅದೇ ಉದ್ದನೆಯ ಓಣಿ, ಅದರ ಕೊನೆಯಲ್ಲಿ ಸುಮ್ಮನೆ ಗುಂಯ್ಗುಡುವ ಐಸಿನ ಯಂತ್ರ. ವಿಮಾನದಲ್ಲಿ ಮಲಗಿ ಎದ್ದರೆ ಬೆಳಗಾಗಿರುತ್ತಿತ್ತು. ಇನ್ನೊಮ್ಮೆ ಮಲಗಿ ಎದ್ದರೆ ಅದೇ ಬೆಳಗು ಇನ್ನೂ ಮುಗಿದಿರುತ್ತಿರಲಿಲ್ಲ. ಇಲಿಗೆ ಎಲ್ಲವೂ ಚೆಂದ. ಲಿಫ್ಟಿನ ಕನ್ನಡಿಯಲ್ಲಿ ತಂಡದ ಜಾಕೆಟ್ಟು ತೊಟ್ಟ ತನ್ನನ್ನು ನೋಡಿಕೊಳ್ಳಲೆಂದೇ ಒಂದು ಮಹಡಿ ಹೆಚ್ಚು ಹತ್ತಿ ಇಳಿಯುತ್ತಿದ್ದಳು. ಮೊದಲ ಊರಿನಲ್ಲಿ ಅವಳದೊಂದು ಟ್ರೈ ಬಂತು. ಹುಲ್ಲಿನ ವಾಸನೆ, ಎದೆಯ ಕೆಳಗೆ ಚೆಂಡಿನ ಗಟ್ಟಿತನ, ಬೆನ್ನ ಮೇಲೆ ಬಂದು ಬಿದ್ದ ಗೆಳತಿಯರ ಭಾರ, ಎಲ್ಲವನ್ನೂ ಫೋನಿನಲ್ಲಿ ಅಣ್ಣನಿಗೆ ವರ್ಣಿಸಿದಳು. ಅಣ್ಣ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಕೇಳಿ, "ನಿಮ್ಮತ್ತಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದಾಳಾ?" ಎಂದ. ಅವನ ಚಿಂತೆ ಅವನಿಗೆ.

ತಂಡದ ಸ್ಥಿತಿ ಮಾತ್ರ ಹೇಳಿಕೊಳ್ಳುವ ಹಾಗಿರಲಿಲ್ಲ. ಗೆದ್ದದ್ದು ಅಪರೂಪ, ಸೋತದ್ದು ದಿನನಿತ್ಯ. ಕೋಚ್ ಸೀಟಿ ಊದಿ ಊದಿ ಕೆನ್ನೆ ಊದಿಸಿಕೊಂಡಿದ್ದರು.

ಪೆಟ್ಟು ಬಿದ್ದದ್ದು ಸೀಸನ್ನಿನ ನಡುವೆ. ಎದುರಾಳಿಯನ್ನು ಕೆಡವಲು ಇಲಿ ತಗ್ಗಿ ನುಗ್ಗಿದಳು. ಅವಳ ಮೊಣಕಾಲು ಬಂದು ಇಲಿಯ ಕಿವಿಯ ಮೇಲೆ ಬಡಿಯಿತು. ಒಂದು ಕ್ಷಣ ಜಗತ್ತಿನ ಸದ್ದೆಲ್ಲ ಯಾರೋ ಸ್ವಿಚ್ಚು ಆರಿಸಿದ ಹಾಗೆ ನಿಂತುಹೋಯಿತು. ಅತ್ತಿಗೆ ಕೈ ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದು ಪದ ಹೇಳಿದರು. ಈ ಸಲ ನಿಜವಾಗಿಯೂ ಎರಡೇ ಪದ ನೆನಪಿಗೆ ಬಂದವು. ತಿಂಗಳುಗಳಲ್ಲಿ ನಿಜವಾಗಿಯೂ ತಪ್ಪಿದಳು. ನಿಜವಾಗಿಯೂ ವಾಲಿದಳು. ಅತ್ತಿಗೆ ಮೊದಲ ದಿನದ್ದರ ಜೊತೆ ಹೋಲಿಸಿ ನೋಡಿ, ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ನೋಡಿದರು.

"ತಲೆನೋವು ಇದೆಯಾ?"

"ಇಲ್ಲ ಅತ್ತಿಗೆ."

"ಕಣ್ಣು ಮಂಜಾಗ್ತಿದೆಯಾ?"

"ಇಲ್ಲಪ್ಪ."

ಎರಡೂ ಇದ್ದವು. ಇಲಿ ಪಾಸಾದಳು.

ಅಂದಿನಿಂದ ಅವಳ ಸುತ್ತ ತೆಳ್ಳನೆಯ ಮಂಜೊಂದು ಕವಿಯಿತು. ಹೆದರಿಕೆ ಹುಟ್ಟಿಸುವಂಥದ್ದಲ್ಲ, ಹಾಯೆನಿಸುವಂಥದ್ದು. ದೀಪಗಳ ಅಂಚು ಕರಗಿ ಮೆತ್ತಗಾಗಿತ್ತು. ಮಾತುಗಳು ಹತ್ತಿಯೊಳಗಿಂದ ಬರುತ್ತಿದ್ದವು. ಹೋಟೆಲಿನ ಓಣಿ ನಡೆದಷ್ಟೂ ಉದ್ದವಾಗುತ್ತ ಹೋಗುತ್ತಿತ್ತು. ಅವಳು ಬಾಗಿಲ ಮುಂದೆ ನಿಂತು, ಇದು ಹೋದ ಊರಿನ ಬಾಗಿಲೋ ಈ ಊರಿನದೋ ಎಂದು ಯೋಚಿಸುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಕೋಣೆಯ ಕೀಲಿ ಫ್ರಿಜ್ಜಿನಲ್ಲಿ ಸಿಕ್ಕಿತು, ತಣ್ಣಗೆ. ಅದನ್ನು ಕೆನ್ನೆಗೊತ್ತಿಕೊಂಡು ಎಷ್ಟೋ ಹೊತ್ತು ಕೂತಿದ್ದಳು, ಬಹಳ ಸುಖವೆನಿಸಿತು.

ಮೈದಾನದಲ್ಲಂತೂ ವಿಚಿತ್ರ. ಚೆಂಡು ಗಾಳಿಯಲ್ಲಿ ತೇಲುತ್ತ, ಬರಲೋ ಬೇಡವೋ ಎಂಬಂತೆ ಬರುತ್ತಿತ್ತು. ಎದುರಾಳಿಗಳು ನೀರಿನಡಿ ನಡೆಯುವವರ ಹಾಗೆ ಕಾಣುತ್ತಿದ್ದರು. ಅವರ ನಡುವಿನ ಸಂದುಗಳು ಮಾತ್ರ ಬೆಳಗಿನ ಬಾಗಿಲುಗಳ ಹಾಗೆ ತೆರೆದುಕೊಳ್ಳುತ್ತಿದ್ದವು. ಅವಳು ಏನನ್ನೂ ಯೋಚಿಸದೆ ಕಾಲಿಗೆ ಬುದ್ಧಿ ಹೇಳುತ್ತಿದ್ದಳು. ಹಿಂದೆಂದೂ ಆಡದ ಹಾಗೆ ಆಡಿದಳು. ತಳದಲ್ಲಿದ್ದ ತಂಡ ಒಂದೊಂದೇ ಅಂಕ ಕೂಡಿಸಿಕೊಂಡು, ತಳದಿಂದ ಎರಡನೆಯ ತಂಡಕ್ಕೆ ಒಂದೇ ಗೆಲುವಿನಷ್ಟು ಹತ್ತಿರ ಬಂತು. ಕೋಚ್ ಅವಳ ಬೆನ್ನು ಚಪ್ಪರಿಸಿದರೆ ಚಪ್ಪರಿಸಿದ್ದು ಆಮೇಲೆ ಗೊತ್ತಾಗುತ್ತಿತ್ತು.

ಅಣ್ಣನ ಜೊತೆ ಫೋನಿನಲ್ಲಿ ಮಾತಾಡುವಾಗ ಅವನು ಒಮ್ಮೆ ತಡೆದ. "ಇದನ್ನ ಆಗಲೇ ಹೇಳಿದೆಯಲ್ಲೇ."

"ಯಾವಾಗ?"

"ಈಗಷ್ಟೇ. ಇದೇ ಫೋನಲ್ಲಿ."

ಇಲಿ ನಕ್ಕು ಮಾತು ತೇಲಿಸಿದಳು.

ಮರುದಿನ ಬಸ್ಸಿನಲ್ಲಿ ದೊಡ್ಡಕ್ಕ ಎಲ್ಲರಿಗೂ ಒಂದು ತಮಾಷೆ ಹೇಳಿದಳು: ಯಾವುದೋ ವಿಮಾನ ನಿಲ್ದಾಣದಲ್ಲಿ ಕೋಚ್ ಬೇರೆಯವರ ಸೂಟ್‌ಕೇಸು ಎಳೆದುಕೊಂಡು ಬಂದು, ತೆರೆದು ನೋಡಿದರೆ ಬರೀ ಮಕ್ಕಳ ಬಟ್ಟೆ. ಎಲ್ಲರೂ ನಕ್ಕರು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು, ಹೊರಟಿತು. ದೊಡ್ಡಕ್ಕ ಸೀಟಿನ ಮೇಲಿಂದ ಹಿಂದಕ್ಕೆ ಬಾಗಿ, "ಅಯ್ಯೋ, ನಿಮಗೊಂದು ಹೇಳ್ಬೇಕು ಕಣ್ರೇ," ಎಂದು ಅದೇ ಸೂಟ್‌ಕೇಸನ್ನು ಮತ್ತೆ ತೆರೆದಳು. ಎಲ್ಲರೂ ಮತ್ತೆ ನಕ್ಕರು. ದೊಡ್ಡಕ್ಕನ ಶೈಲಿಯೇ ಅದು ಎಂದುಕೊಂಡಿದ್ದರು. ಇಲಿ ಮಾತ್ರ ನಗಲಿಲ್ಲ. ಕಿಟಕಿಯ ಗಾಜಿಗೆ ಹಣೆಯಿಟ್ಟು, ಹಿಂದಕ್ಕೆ ಸರಿಯುತ್ತಿದ್ದ ಬೀದಿಯ ಮರಗಳನ್ನು ನೋಡಿದಳು. ಕಂಡದ್ದನ್ನು ಕಾಣಲಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳಲು ಬೀದಿ ಮುಗಿಯುವಷ್ಟು ಹೊತ್ತು ಬೇಕಾಯಿತು.

ಕೊನೆಯ ಊರಿಗೆ ಬಂದ ಮಧ್ಯಾಹ್ನ ಅತ್ತಿಗೆ ಅವಳ ಕೋಣೆಗೆ ಬಂದರು. ಹಾಸಿಗೆಯ ಮೇಲೆ ಕೂತು, ಅಲ್ಲಿ ಬಿದ್ದಿದ್ದ ಟವೆಲನ್ನು ಮಡಚುತ್ತ, ಬಿಡಿಸುತ್ತ, ಮತ್ತೆ ಮಡಚುತ್ತ ಇದ್ದರು.

"ನಿಮ್ಮಣ್ಣ ಏನೋ ಅಂದ."

"ಅವನಿಗೇನು ಕೆಲ್ಸ."

"ಪುಟ್ಟೀ, ನನ್ನ ನೋಡು. ತಲೆಯೊಳಗೆ ಏನಾದ್ರೂ ಆಗ್ತಿದೆಯಾ? ಇದರ ಮೇಲೆ ಇನ್ನೊಂದು ಪೆಟ್ಟು ಬಿದ್ರೆ ಆಟ ಹೋಗೋದು ಹಾಗಿರಲಿ, ನೀನೇ ನಂಗೆ ಸಿಗಲ್ಲ. ಹೆದರಿಸೋಕೆ ಹೇಳ್ತಿಲ್ಲ."

"ಪಾಸಾಗಿದೀನಲ್ಲ ಅತ್ತಿಗೆ."

"ಪಾಸಾಗಿದೀಯ." ಅತ್ತಿಗೆ ಟವೆಲನ್ನು ಕೆಳಗಿಟ್ಟರು. "ನೀನು ಹೇಳಿದ್ದನ್ನ ನಂಬ್ತೀನಿ. ನಂಬೋದು ಬಿಟ್ರೆ ಒಳಗೆ ಇಣುಕೋಕೆ ನನ್ನ ಹತ್ರ ಬೇರೆ ಯಂತ್ರ ಇಲ್ಲ."

ಹೇಳಿಬಿಡಬೇಕೆಂದು ಇಲಿಗೆ ಅನಿಸಿತು. ಆದರೆ ಹೇಳಿದರೆ ನಾಳೆ ಬೆಂಚಿನ ಮೇಲೆ ಕೂರಬೇಕು. ತಂಡ ಸೋತರೆ ಮುಂದಿನ ವರ್ಷ ಯಾರಿಗೂ ಏನೂ ಇಲ್ಲ. ತಾನು ಗೋದಾಮಿಗೆ, ಕಪಾಟುಗಳ ನಡುವಿಗೆ, ಅರ್ಧ ಸೀಸನ್ ಹೊತ್ತುಕೊಂಡು ಹೋಗಬೇಕು. ಬಾಯಿಗೆ ಬೀಗ ಹಾಕಿಕೊಂಡಳು. ಅತ್ತಿಗೆ ಎದ್ದು ಹೋದರು.

ಮರುದಿನ ಆಡಬೇಕಾದದ್ದು ತಳದಿಂದ ಎರಡನೆಯ ತಂಡದ ಜೊತೆಗೇ. ಗೆದ್ದವರು ಉಳಿಯುತ್ತಾರೆ, ಸೋತವರು ಹೋಗುತ್ತಾರೆ. ಬಿಸಿಲಿತ್ತು. ಮೊದಲರ್ಧ ಮುಗಿದಾಗ ಇವರು ಒಂದು ಟ್ರೈ ಹಿಂದಿದ್ದರು. ವಿರಾಮದಲ್ಲಿ ಅತ್ತಿಗೆ ನೀರಿನ ಬಾಟಲಿ ಹಿಡಿದು ಇಲಿಯ ಮುಂದೆ ಕೂತರು.

"ಈಗ ಯಾವ ಅರ್ಧ ಮುಗೀತು?"

"ಮೊದಲ್ನೇದು."

"ಕೊನೇಲಿ ಟ್ರೈ ಹೊಡೆದವರು ಯಾರು?"

"ಅವರು. ಉದ್ದ ಜಡೆಯವಳು."

ಸರಿಯಾದ ಉತ್ತರಗಳೇ. ಅತ್ತಿಗೆ ಅವಳ ಮುಖವನ್ನೇ ನೋಡಿದರು, ಇನ್ನೇನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸೀಟಿ ಕೇಳಿಸಿತು. ಇಲಿ ಎದ್ದು ಓಡಿ ತನ್ನ ಜಾಗದಲ್ಲಿ ನಿಂತಳು. ದೊಡ್ಡಕ್ಕ ಚೆಂಡನ್ನು ನೆಲಕ್ಕೆ ತಾಕಿಸಿ ಒದ್ದಳು. ಅದು ಮೇಲೇರಿತು, ಬಿಸಿಲಿನಲ್ಲಿ ಒಂದಿಷ್ಟೂ ಅವಸರವಿಲ್ಲದೆ ತಿರುಗಿತು, ಅಲ್ಲೇ ನಿಂತಿತು.

ಆಮೇಲೆ ಬಿಳಿಯ ಸೂರು.

ನಡುವಿನದು ಅವಳ ಬಳಿ ಇಲ್ಲ. ಅವಳ ಬಳಿ ಇಲ್ಲದ್ದನ್ನು ನಾನು ಬೇರೆ ಕಡೆಯಿಂದ ತಂದು ನಿಮಗೆ ಕೊಡುವುದಿಲ್ಲ.

"ಆಟ ಶುರುವಾಯ್ತಾ?" ಎಂದು ಕೇಳಿದಳು. ನಾಲಿಗೆ ದಪ್ಪವಾಗಿತ್ತು.

"ಮುಗೀತು," ಎಂದಿತು ಅತ್ತಿಗೆಯ ದನಿ. "ನಿನ್ನೆ."

"ಗೆದ್ವಾ?"

"ಗೆದ್ವಿ. ಮಲ್ಕೋ."

"ಟ್ರೈ ಯಾರು?"

"ನೀನೇ. ಕೊನೇ ನಿಮಿಷದಲ್ಲಿ. ಮಲ್ಕೋ ಅಂದೆನಲ್ಲ."

ಅವಳು ಕಣ್ಣು ಮುಚ್ಚಿ ತೆರೆದು, ಆಟ ಶುರುವಾಯ್ತಾ ಎಂದು ಕೇಳಿದಳು. ಅತ್ತಿಗೆ ಮೊದಲ ಸಲ ಹೇಳಿದ ಹಾಗೆಯೇ ಹೇಳಿದರು. ಆ ದಿನವೆಲ್ಲ ಹೀಗೇ ನಡೆಯಿತಂತೆ.

ಮಂಜು ಸ್ವಲ್ಪ ಹರಿದ ಮೇಲೆ ತಂಡದವರು ಆಸ್ಪತ್ರೆಗೆ ಬಂದರು. ಮುಂದಿನ ವರ್ಷಕ್ಕೂ ತಂಡ ಉಳಿದಿತ್ತು. ಎಲ್ಲರ ಮುಖದಲ್ಲೂ ಬೆಳಕು. ಆ ಓಟವನ್ನು ಒಬ್ಬೊಬ್ಬರೂ ಹೇಳಿದರು. ಎಡಗಡೆಯಿಂದ ಹೋದೆ ಎಂದಳೊಬ್ಬಳು. ಬಲಗಡೆಯಿಂದ ಎಂದಳು ಇನ್ನೊಬ್ಬಳು. ಕೋಚ್ ಅರ್ಧ ಮೈದಾನ ಎಂದರು, ದೊಡ್ಡಕ್ಕ ಇಡೀ ಮೈದಾನ ಎಂದಳು. ಗೆರೆಯ ಹತ್ತಿರ ಇಬ್ಬರು ಒಟ್ಟಿಗೆ ಅವಳ ಮೇಲೆ ಬಿದ್ದರಂತೆ. ಆದರೂ ಚೆಂಡನ್ನು ಬಿಡಲಿಲ್ಲವಂತೆ. ಯಾರೋ ಫೋನಿನಲ್ಲಿ ತೋರಿಸಿದರು. ಸಣ್ಣ ತೆರೆಯ ಮೇಲೆ ಸಣ್ಣ ಹುಡುಗಿಯೊಬ್ಬಳು ಹಸಿರಿನ ಮೇಲೆ ಓಡುತ್ತಿದ್ದಳು. ಚೆನ್ನಾಗಿ ಓಡುತ್ತಾಳೆ, ಯಾರಿವಳು ಎನ್ನಿಸಿತು ಇಲಿಗೆ.

ಎಲ್ಲರೂ ಹೋದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಅತ್ತಳು.

"ಇನ್ನು ಆಡೋ ಹಾಗಿಲ್ಲ ಅಂದ್ರಲ್ಲ ಇಲ್ಲಿಯ ಡಾಕ್ಟರು, ಅದಕ್ಕಾ?" ಎಂದರು ಅತ್ತಿಗೆ.

"ಅದಕ್ಕಲ್ಲ." ಮೂಗು ಒರೆಸಿಕೊಂಡಳು. "ಅದೊಂದು ಓಟ ನಂಗೆ ಬೇಕಿತ್ತು. ಎಲ್ಲರ ಹತ್ರನೂ ಇದೆ, ನನ್ನ ಹತ್ರ ಇಲ್ಲ."

ಆಮೇಲೆ ಮೊದಲ ದಿನದ ಪೆದ್ದಿಯಾಟವನ್ನು ಹೇಳಿಬಿಟ್ಟಳು. ಎಲ್ಲ ಪದಗಳೂ ಗೊತ್ತಿದ್ದದ್ದು, ಆಗಸ್ಟು ನುಂಗಿದ್ದು, ಮೇಜು ಹಿಡಿದದ್ದು. ದೊಡ್ಡಕ್ಕ ಕಲಿಸಿದ್ದು, ದೊಡ್ಡಕ್ಕನ ಸೂಟ್‌ಕೇಸಿನ ಕತೆ, ಎಲ್ಲ.

ಅತ್ತಿಗೆಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು.

"ಕೆನ್ನೆಗೆ ಬಾರಿಸ್ಬೇಕು ಅನ್ಸುತ್ತೆ," ಎಂದರು ಕೊನೆಗೆ. "ಬಾರಿಸೋ ಹಾಗೂ ಇಲ್ಲ. ಆ ದೊಡ್ಡಕ್ಕನ್ನ ನಾಳೆನೇ ಕೂರಿಸ್ಕೊಂಡು ಪರೀಕ್ಷೆ ಮಾಡ್ತೀನಿ, ಅದು ಹೇಗೆ ತಪ್ಪಿಸ್ಕೊಳ್ತಾಳೋ ನೋಡ್ತೀನಿ." ಅವರ ದನಿ ಇದ್ದಕ್ಕಿದ್ದ ಹಾಗೆ ಒಡೆಯಿತು. "ನಂಗೆ ಅನುಮಾನ ಇತ್ತು ಕಣೇ. ವಿರಾಮದಲ್ಲಿ ನಿನ್ನ ಕಣ್ಣು ನೋಡ್ದೆ. ಕೈ ಹಿಡಿದು ಕೂರಿಸ್ಬೇಕಿತ್ತು. ನಿನ್ನ ಆಸೆ ನೋಡಿ ಬಿಟ್ಟುಬಿಟ್ಟೆ. ಡಾಕ್ಟರಾಗಿ ಬಿಡಲಿಲ್ಲ, ಅತ್ತಿಗೆಯಾಗಿ ಬಿಟ್ಟೆ."

ಇಲಿ ಅವರ ಕೈಯನ್ನು ಹುಡುಕಿ ಹಿಡಿದುಕೊಂಡಳು. ಕಿಟಕಿಯ ಆಚೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

"ನೀವು ಹೇಳಿ ಅತ್ತಿಗೆ. ಅವರೆಲ್ಲ ಒಂದೊಂದು ಥರ ಹೇಳ್ತಾರೆ. ನಿಮ್ಮ ಬಾಯಲ್ಲಿ ಕೇಳ್ತೀನಿ. ಎಡಗಡೆನಾ, ಬಲಗಡೆನಾ?"

"ನಂಗೊತ್ತಿಲ್ಲ."

"ಅಲ್ಲೇ ಇದ್ರಲ್ಲ?"

"ಎಲ್ಲರೂ ಚೆಂಡು ನೋಡ್ತಿದ್ರು. ನಾನು ನಿನ್ನ ತಲೆ ನೋಡ್ತಿದ್ದೆ." ಅತ್ತಿಗೆ ಸೆರಗಿಗೂ ಅಲ್ಲ, ಕರವಸ್ತ್ರಕ್ಕೂ ಅಲ್ಲ, ಹಾಸಿಗೆಯ ಹೊದಿಕೆಗೇ ಕಣ್ಣು ಒರೆಸಿಕೊಂಡರು. "ಮೇಲೆ ಹೋಯ್ತು, ಕೆಳಗೆ ಬಂತು, ಮೇಲೆ ಹೋಯ್ತು. ಇನ್ನೂ ಮೇಲಿದೆ, ಇನ್ನೂ ಮೇಲಿದೆ ಅಂದ್ಕೊಂಡೇ ನೋಡಿದೆ. ಆಮೇಲೆ ಎಲ್ಲರ ಕೈ ಮೇಲೆದ್ದವು, ಎಲ್ಲರೂ ಕುಣಿದ್ರು. ನಿನ್ನ ತಲೆ ಏಳಲಿಲ್ಲ. ಓಡಿದೆ. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ ಕಣೇ, ಈ ನೋವಿನ ಮಂಡಿ ಇಟ್ಕೊಂಡು. ಅವತ್ತು ಆ ಮೈದಾನದಲ್ಲಿ ನಿನಗಿಂತ ಜೋರಾಗಿ ಓಡಿದವಳು ನಾನೊಬ್ಬಳೇ. ಅದನ್ನ ಯಾರೂ ನೋಡ್ಲಿಲ್ಲ."

ಇಲಿ ಪಕ್ಕಕ್ಕೆ ಸರಿದು ಹಾಸಿಗೆಯಲ್ಲಿ ಅವರಿಗೆ ಜಾಗ ಮಾಡಿದಳು.

"ಆ ಓಟ ಹೇಳಿ," ಎಂದಳು. "ನಿಮ್ದು. ಮೊದಲಿಂದ ಹೇಳಿ, ನಾನು ನೆನಪಿಟ್ಕೊಳ್ತೀನಿ."